ಡಿಜಿಟಲ್ ಕಾಲದಲ್ಲೂ ಫಿಲ್ಮ್ ರೋಲ್: ನಮ್ಮ ನೀರು, ನಮ್ಮ ಸೆಕೆಗೆ ಯಾವ ಕ್ರಮ ಹೊಂದುತ್ತೆ?

ಮಲ್ಲೇಶ್ವರಂ35
ಪೆಂಟಾಕ್ಸ್ ಕೆ1000 ಬಾಡಿ, 50 ಎಂಎಂ ಎಫ್/2 ಲೆನ್ಸ್ ಇದೆ. ಡಿಜಿಟಲ್ ಕ್ಯಾಮೆರಾ ಕೂಡ ಇದೆ, ಅದನ್ನು ಬಿಡುವ ಯೋಚನೆ ಇಲ್ಲ. ತಿಂಗಳಿಗೆ ಎರಡು ಮೂರು ರೋಲ್ ಮಾತ್ರ ಫಿಲ್ಮ್‌ನಲ್ಲಿ ತೆಗೆಯಬೇಕು ಅಂತ. ಕಲರ್ ಹಾಕೋದೋ, ಬ್ಲಾಕ್ ಅಂಡ್ ವೈಟೋ? ಎಸಿ ಇಲ್ಲದ ಮನೆಯಲ್ಲಿ, ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು 28 ಡಿಗ್ರಿ ಇರುವಾಗ ಡೆವಲಪ್ ಮಾಡೋಕಾಗುತ್ತಾ? "ಫೋನಲ್ಲೇ ಫಿಲ್ಮ್ ಫಿಲ್ಟರ್ ಇದೆ" ಅನ್ನೋ ಉತ್ತರ ದಯವಿಟ್ಟು ಬೇಡ.

ಬೆಳ್ಳಿಲವಣ
ಬ್ಲಾಕ್ ಅಂಡ್ ವೈಟ್, ಮನೆಯಲ್ಲೇ ಡೆವಲಪ್. ಕಲರನ್ನು ಆಗೊಮ್ಮೆ ಈಗೊಮ್ಮೆ ಇಟ್ಟುಕೊಳ್ಳಿ. ಇದು ರುಚಿಯ ಮಾತಲ್ಲ, ಕೆಮಿಕಲ್ ಲೆಕ್ಕ.

ಫಿಲ್ಮ್ ತಯಾರಿಕೆ ನಿಂತಿಲ್ಲ. ಇಂಗ್ಲೆಂಡಿನ ಮಾಬರ್ಲಿಯಲ್ಲಿ ಇಲ್ಫೋರ್ಡ್, ಚೆಕ್ ದೇಶದಲ್ಲಿ ಫೋಮಾ, ರೋಚೆಸ್ಟರ್‌ನಲ್ಲಿ ಕೊಡಾಕ್ ಈಗಲೂ ಮಾಡುತ್ತಿವೆ. 2024ರಲ್ಲಿ ಪೆಂಟಾಕ್ಸ್ 17 ಅಂತ ಹೊಸ ಹಾಫ್-ಫ್ರೇಮ್ ಕ್ಯಾಮೆರಾ ಕೂಡ ಬಂತು. ನಮ್ಮಲ್ಲಿ ಕಾಣೆಯಾದದ್ದು ಬಡಾವಣೆಗೊಂದು ಅಂತ ಇದ್ದ ಕಲರ್ ಲ್ಯಾಬ್. ಕಲರ್ ರೋಲ್ ಡೆವಲಪ್ ಮಾಡುವ ಸಿ-41 ಮೆಷಿನ್ ದಿನವೂ ಓಡುತ್ತಿರಬೇಕು. ಪ್ರತಿ ರೋಲ್ ಹೋದಂತೆ ಅಳತೆಯ ರಿಪ್ಲೆನಿಷರ್ (ಖರ್ಚಾದ ಕೆಮಿಕಲ್ ತುಂಬುವ ದ್ರಾವಣ) ಸೇರಿದರೆ ಮಾತ್ರ ಟ್ಯಾಂಕಿನ ಡೆವಲಪರ್ ಹದದಲ್ಲಿ ಇರುತ್ತೆ. ವಾರಕ್ಕೆ ನಾಲ್ಕೇ ರೋಲ್ ಬರುವ ಕಡೆ ಅದು ಟ್ಯಾಂಕಲ್ಲೇ ಆಕ್ಸಿಡೈಸ್ ಆಗುತ್ತೆ. ಆಮೇಲೆ ನೆಗೆಟಿವ್ ತೆಳು, ನೆರಳಲ್ಲಿ ಹಸಿರೋ ನೇರಳೆಯೋ ಛಾಯೆ. ಬಹಳ ಜನ "ಫಿಲ್ಮ್ ಅಂದ್ರೆ ಹೀಗೇ" ಅಂದುಕೊಂಡು ಅದನ್ನೇ ಚೆಂದ ಅಂತಾರೆ. ಅದು ಸುಸ್ತಾದ ಕೆಮಿಕಲ್, ಅಷ್ಟೇ.

ಕಲರ್ ರೋಲ್ ಕೊಡುವ ಮುಂಚೆ ಲ್ಯಾಬಿನವರನ್ನು ಮೂರು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ರೋಲ್ ಓಡಿಸ್ತೀರಿ? ಕಂಟ್ರೋಲ್ ಸ್ಟ್ರಿಪ್ (ಕೆಮಿಕಲ್ ಹದ ನೋಡುವ ಪರೀಕ್ಷೆಯ ತುಣುಕು) ಹಾಕ್ತೀರಾ? ನೆಗೆಟಿವ್ ವಾಪಸ್ ಕೊಡ್ತೀರಾ? ಮೂರನೆಯದಕ್ಕೆ "ಯಾಕೆ ಸಾರ್, ಸ್ಕ್ಯಾನ್ ಕಳಿಸ್ತೀವಲ್ಲ" ಅಂದರೆ ಅಲ್ಲಿಂದ ಹೊರಡಿ.

ಪಿಕ್ಸೆಲ್‌ಪ್ರಿಯ
ವಿರೋಧ ಪಕ್ಷದಿಂದ ಒಂದು ಮಾತು. ಕಬಿನಿಯಲ್ಲಿ ಹಕ್ಕಿ ತೆಗೆಯೋಕೆ, ಮದುವೆ ಮನೆಯ ಸಂಜೆ ಬೆಳಕಿಗೆ ಫಿಲ್ಮ್ ಹಿಡಿಯೋದು ಹಟ. ಐಎಸ್ಒ 6400ರಲ್ಲಿ ಇವತ್ತಿನ ಸಾಧಾರಣ ಸೆನ್ಸರ್ ಕೊಡೋದನ್ನು 35 ಎಂಎಂ ಫಿಲ್ಮ್ ಕೊಡಲ್ಲ. ಸ್ಲೈಡ್ ಫಿಲ್ಮ್‌ನ ಬೆಳಕಿನ ಹರವು ಐದಾರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ದಾಟಲ್ಲ. ಒಂದೊಂದು ಫ್ರೇಮಿಗೂ ದುಡ್ಡು. ಫಿಲ್ಮ್ ಯಾಕೆ ಅನ್ನೋದಕ್ಕೆ "ನಿಧಾನ ಆಗ್ತೀವಿ" ಅಂತಾರೆ. ನಿಧಾನ ಆಗೋಕೆ ಡಿಜಿಟಲ್‌ನಲ್ಲಿ ಸಣ್ಣ ಕಾರ್ಡ್ ಹಾಕಿ ಸಾಕು.

ಬೆಳ್ಳಿಲವಣ
ಹಕ್ಕಿ ವಿಷಯದಲ್ಲಿ ತಕರಾರಿಲ್ಲ. "ನಿಧಾನ" ಅನ್ನೋ ವಾದ ನನಗೂ ಹಿಡಿಸಲ್ಲ. ಕಾರಣ ಎರಡೇ. ಮೊದಲನೆಯದು, ನೆಗೆಟಿವ್ ಫಿಲ್ಮ್‌ಗೆ ಬೆಳಕು ಹೆಚ್ಚಾದರೆ ಕೆಡುವುದು ಬಹಳ ನಿಧಾನ. ಡಿಜಿಟಲ್‌ನಲ್ಲಿ ಬಿಳಿ ಪಂಚೆ ಒಮ್ಮೆ ಕ್ಲಿಪ್ ಆದರೆ ಅಲ್ಲಿ ಏನೂ ಉಳಿಯಲ್ಲ. ಇಲ್ಫೋರ್ಡಿನ ಬ್ಲಾಕ್ ಅಂಡ್ ವೈಟ್ ಫಿಲ್ಮ್ ಎಚ್‌ಪಿ5ನಲ್ಲಿ ಎರಡು ಸ್ಟಾಪ್ ಹೆಚ್ಚಾದರೂ ನೇಯ್ಗೆ ಸಿಗುತ್ತೆ. ನೆರಳು ಮಾತ್ರ ತದ್ವಿರುದ್ಧ: ಅಲ್ಲಿ ಬೆಳಕು ಸಾಲದಿದ್ದರೆ ಯಾವ ಡೆವಲಪರೂ ತಂದುಕೊಡಲ್ಲ. ಅದಕ್ಕೇ ಮೀಟರನ್ನು ನೆರಳಿಗೆ ನೋಡೋದು. ಎರಡನೆಯದು, ಚೆನ್ನಾಗಿ ಫಿಕ್ಸ್ ಮಾಡಿ (ಬೆಳಕು ತಾಗದ ಬೆಳ್ಳಿ ಲವಣ ಕರಗಿಸಿ) ತೊಳೆದ ಬೆಳ್ಳಿ ನೆಗೆಟಿವ್ ಪಾಸ್‌ವರ್ಡ್, ಹಾರ್ಡ್ ಡಿಸ್ಕ್ ಯಾವುದನ್ನೂ ಕೇಳದೆ ಡಬ್ಬಿಯಲ್ಲಿ ಕೂತಿರುತ್ತೆ.

ದುಡ್ಡಿನ ಮಾತು ನಿಜ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ "ಇಂದು" ಹೆಸರಲ್ಲಿ ಮಾಡುತ್ತಿದ್ದ ಕಾಲ ಹೋಯಿತು, ಈಗ ಎಲ್ಲವೂ ಆಮದು. ಖರ್ಚು ಇಳಿಸುವ ದಾರಿ ಬಲ್ಕ್ ರೋಲ್, ಉದ್ದ ಫಿಲ್ಮ್ ತಂದು ನಾವೇ ಸಣ್ಣ ಡಬ್ಬಿಗೆ ಸುತ್ತಿಕೊಳ್ಳೋದು. 30.5 ಮೀಟರ್ ಡಬ್ಬಿಯಿಂದ 36 ಫ್ರೇಮಿನ 18 ರೋಲ್ ಬರುತ್ತೆ. ಲೋಡರ್‌ನಿಂದ ಸುತ್ತುವಾಗ ಸ್ಪೂಲಿಗೆ ಟೇಪ್ ಅಂಟಿಸುವ ತುದಿಗೆ ಬೆಳಕು ಬಿದ್ದಿರುತ್ತೆ, ಕೊನೆಯ ಒಂದೆರಡು ಫ್ರೇಮ್ ಮಂಜಾಗುತ್ತೆ. ಮುಖ್ಯವಾದದ್ದನ್ನು 35ನೇ ಫ್ರೇಮಿಗೆ ಇಟ್ಟುಕೊಳ್ಳಬೇಡಿ. ಡಬ್ಬಿಯ ಮೇಲೆ ಡಿಎಕ್ಸ್ ಕೋಡ್ (ಕ್ಯಾಮೆರಾಗೆ ಐಎಸ್ಒ ತಿಳಿಸುವ ಗುರುತು) ಇಲ್ಲದಿದ್ದರೆ ಆಟೊಮ್ಯಾಟಿಕ್ ಕ್ಯಾಮೆರಾಗಳಲ್ಲಿ ಬಹಳಷ್ಟು 100 ಅಂದುಕೊಳ್ಳುತ್ತವೆ. ಕೆ1000ಗೆ ಆ ಚಿಂತೆ ಇಲ್ಲ, ಐಎಸ್ಒ ಕೈಯಲ್ಲೇ ಇಡೋದು.

ಹುಬ್ಬಳ್ಳಿ_ಹೈಪೋ
ಡೆವಲಪರ್ ಪ್ಯಾಕೆಟ್ ಸಿಗಲಿಲ್ಲ ಅಂತ ಕೂಡಬ್ಯಾಡ್ರಿ. ಡಿ-76 ಮನ್ಯಾಗ ಮಾಡ್ಬಹುದು, 1927ರ ಸೂತ್ರ, ಗುಟ್ಟೇನೂ ಇಲ್ಲ. ಲ್ಯಾಬ್ ಕೆಮಿಕಲ್ ಮಾರೋ ಅಂಗಡ್ಯಾಗ ನಾಲ್ಕೂ ಪುಡಿ ಸಿಗ್ತಾವ.

ಒಂದು ಲೀಟರಿಗೆ: 50 ಡಿಗ್ರಿ ಬಿಸಿ ಇರೋ ನೀರು 750 ಮಿ.ಲೀ., ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ ಅನ್‌ಹೈಡ್ರಸ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಆಮ್ಯಾಲೆ ತಣ್ಣೀರು ಹಾಕಿ ಒಂದು ಲೀಟರ್ ಮಾಡ್ರಿ. ಹಾಕೋ ಕ್ರಮ ಇದ ಇರಬೇಕು. ಮೊದಲ ಒಂದು ಚಿಟಿಕೆ ಸಲ್ಫೈಟ್, ಆಮ್ಯಾಲೆ ಮೆಟಾಲ್ ಪೂರ್ತಿ ಕರಗಬೇಕು, ನಂತರ ಉಳಿದ ಸಲ್ಫೈಟ್. ಸಲ್ಫೈಟ್ ಎಲ್ಲಾ ಮೊದಲ ಸುರುವಿದ್ರ ಮೆಟಾಲ್ ಕರಗಂಗಿಲ್ಲ, ತಳಕ್ಕ ಕೂಡ್ತೈತಿ.

ಅಂಗಡ್ಯಾಗ ಚೀಟಿ ಬರದು ಕೊಡ್ರಿ: ಸಲ್ಫೈಟ್. ಸಲ್ಫೇಟ್ ತಂದ್ರ ಡೆವಲಪರ್ ಕೆಲಸ ಮಾಡಂಗಿಲ್ಲ, ಸಲ್ಫೈಡ್ ತಂದ್ರ ಮನಿ ತುಂಬ ಕೊಳತ ತತ್ತಿ ವಾಸನಿ. 0.1 ಗ್ರಾಂ ತೋರಿಸೋ ತಕ್ಕಡಿ ಸಾಕು. ಕೈಗೆ ಗ್ಲೌಸ್ ಬೇಕ ಬೇಕು, ಮೆಟಾಲ್ ಕೆಲವ್ರಿಗೆ ಚರ್ಮಕ್ಕ ಅಲರ್ಜಿ ಮಾಡ್ತೈತಿ. ಅಡಿಗಿ ಮನಿ ಲೋಟ, ಚಮಚ ಮುಟ್ಟಬ್ಯಾಡ್ರಿ. ತುಂಬಿದ ಬಾಟ್ಲ್ಯಾಗ ಆರು ತಿಂಗಳು, ಅರ್ಧ ಖಾಲಿ ಬಾಟ್ಲ್ಯಾಗ ಎರಡು ತಿಂಗಳು ಇರ್ತೈತಿ. ಅದಕ್ಕ 250 ಮಿ.ಲೀ. ಬಾಟ್ಲಿಗಳಾಗ ಹಂಚಿ ಇಡೋದು ಶಾಣ್ಯಾತನ. ಚಹಾದ ಬಣ್ಣಕ್ಕ ಬಂತಂದ್ರ ಚೆಲ್ಲಿಬಿಡ್ರಿ.

ನೀರು: ನಮ್ಮ ಕಡೆ ಬೋರಿನ ನೀರು ಭಾಳ ಗಡಸು. ಪ್ಯಾಕೆಟ್ ಡೆವಲಪರಿನ್ಯಾಗ ಸುಣ್ಣ ಹಿಡಿದಿಡೋ ವಸ್ತು ಸೇರಿಸಿರ್ತಾರ, ಮನ್ಯಾಗ ಮಾಡಿದ್ರಾಗ ಅದು ಇರಂಗಿಲ್ಲ. ಆರ್‌ಒ ನೀರು ತಗೋರಿ. ಫಿಕ್ಸರಿಗೆ, ನಡುವಿನ ತೊಳೆಯೋದಕ್ಕ ನಳದ ನೀರು ನಡೀತೈತಿ.

ಕಡಲತಡಿ
28 ಡಿಗ್ರಿ ಬಗ್ಗೆ ಕೇಳಿದ್ದಕ್ಕೆ. ಮಂಗಳೂರಿನಲ್ಲಿ ವರ್ಷವಿಡೀ ಇದೇ ಪರಿಸ್ಥಿತಿ, ಹಾಗಾಗಿ ಇಲ್ಲಿ 20 ಡಿಗ್ರಿಯ ಹಟ ಹಿಡಿದು ಪ್ರಯೋಜನ ಇಲ್ಲ. ಒಂದು ಡಿಗ್ರಿ ಏರಿದರೆ ಸಮಯವನ್ನು ಶೇ 10ರಷ್ಟು ಇಳಿಸುವುದು ಅಂದಾಜು ಸೂತ್ರ. ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ ಐಡಿ-11 ಡೆವಲಪರಿನಲ್ಲಿ ಇಲ್ಫೋರ್ಡ್ ಕೊಡುವ ಸಮಯ 20 ಡಿಗ್ರಿಯಲ್ಲಿ ಹೀಗಿದೆ: ಸ್ಟಾಕ್ (ನೀರು ಬೆರೆಸದ ದ್ರಾವಣ) 7½ ನಿಮಿಷ, 1+1 (ಒಂದು ಪಾಲಿಗೆ ಒಂದು ಪಾಲು ನೀರು) ಆದರೆ 13, 1+3 ಆದರೆ 20.

28 ಡಿಗ್ರಿಗೆ ಇಳಿಸಿದರೆ ಸ್ಟಾಕ್ ಮೂರೂಕಾಲು ನಿಮಿಷಕ್ಕೆ ಬಂತು. ಐದು ನಿಮಿಷಕ್ಕಿಂತ ಕಡಿಮೆಯಾದರೆ ಡೆವಲಪರ್ ಹೊಯ್ಯುವ, ಚೆಲ್ಲುವ ಹೊತ್ತೇ ದೊಡ್ಡ ಪಾಲಾಗಿ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. 1+1 ಐದೂವರೆ ನಿಮಿಷ, ಅಂಚಿನ ಮೇಲೆ. 1+3 ಎಂಟೂವರೆ ನಿಮಿಷ, ಆರಾಮ. ಸೆಕೆಗೆ ಮದ್ದು ಐಸಿಗಿಂತ ಮೊದಲು ತೆಳು ಮಾಡುವುದು. ಒಂದೇ ಎಚ್ಚರ: ತೆಳುವಾದರೂ ಒಂದು ರೋಲಿಗೆ ಬೇಕಾದಷ್ಟು ಸ್ಟಾಕ್ ಇರಲೇಬೇಕು. ಪ್ಯಾಟರ್ಸನ್ ಟ್ಯಾಂಕಿನಲ್ಲಿ (ಫಿಲ್ಮನ್ನು ರೀಲಿಗೆ ಸುತ್ತಿ ಇಡುವ, ಬೆಳಕು ಹೊಗದ ಡಬ್ಬಿ) ಒಂದು 35 ಎಂಎಂ ರೋಲಿಗೆ 290 ಮಿ.ಲೀ. ಸಾಕು ಅಂತ ತಳದಲ್ಲಿ ಬರೆದಿದೆ. 1+3 ಮಾಡಿದರೆ ಅದರಲ್ಲಿ ಸ್ಟಾಕ್ ಬರೀ 72 ಮಿ.ಲೀ. ಎರಡು ರೀಲಿನ ಟ್ಯಾಂಕಿಗೆ ಒಂದು ಖಾಲಿ ರೀಲು, ಒಂದು ಫಿಲ್ಮ್ ಹಾಕಿ 580 ಮಿ.ಲೀ. ಹೊಯ್ದರೆ ಸ್ಟಾಕ್ 145 ಮಿ.ಲೀ. ಆಗುತ್ತದೆ. ಫಿಲ್ಮ್ ಇರುವ ರೀಲು ಕೆಳಗೆ ಇರಲಿ.

ಬೆಳ್ಳಿಲವಣ
ಕಡಲತಡಿಯವರೇ, ಲೆಕ್ಕ ಸರಿ. ಆದರೆ 28ಕ್ಕೆ ಒಪ್ಪುವ ಮುಂಚೆ ಬೆಂಗಳೂರಿನವರು 24ಕ್ಕೆ ಇಳಿಸೋದು ಸುಲಭ. 24ರಲ್ಲಿ 1+1 ಒಂಬತ್ತು ನಿಮಿಷ. ಕಾಳು (ಗ್ರೇನ್) ಕೂಡ ಹತೋಟಿಯಲ್ಲಿ ಇರುತ್ತೆ. ಟಬ್‌ನಲ್ಲಿ 5 ಲೀಟರ್ ನೀರನ್ನು 28ರಿಂದ 22ಕ್ಕೆ ತರೋಕೆ 300 ಗ್ರಾಂ ಐಸ್ ಸಾಕು. ಕೆಮಿಕಲ್ ಬಾಟಲಿಗಳನ್ನು ಅದರಲ್ಲಿ ಅರ್ಧ ಗಂಟೆ ನಿಲ್ಲಿಸಿ. ಐಸನ್ನು ಡೆವಲಪರ್‌ಗೆ ನೇರವಾಗಿ ಹಾಕಬೇಡಿ, ಅಳತೆ ಕೆಡುತ್ತೆ.

ಇನ್ನು ಯಾರೂ ಹೇಳದ ಭಾಗ. ಡೆವಲಪರ್ ಒಂದನ್ನೇ ತಂಪು ಮಾಡಿ, ಸ್ಟಾಪ್ ಬಾತ್ (ಡೆವಲಪ್ ಆಗೋದನ್ನು ನಿಲ್ಲಿಸುವ ದ್ರಾವಣ), ಫಿಕ್ಸರ್, ತೊಳೆಯುವ ನೀರನ್ನು 30ರಲ್ಲೇ ಬಿಡ್ತಾರೆ. ಫಿಲ್ಮ್ ಮೇಲಿನ ಜೆಲಟಿನ್ ಪದರ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗಿದರೆ ಕಾಳು ದಪ್ಪವಾಗಿ ಕಾಣುತ್ತೆ, ಜಿಗಿತ ದೊಡ್ಡದಾದರೆ ಮೇಲ್ಮೈ ಬಿರುಕು ಬಿಟ್ಟ ಕೆರೆ ಮಣ್ಣಿನಂತಾಗುತ್ತೆ. ಎಲ್ಲವೂ 28ರಲ್ಲಿ ಇದ್ದರೆ ಇವತ್ತಿನ ಫಿಲ್ಮ್ ತಡೆದುಕೊಳ್ಳುತ್ತೆ. 22ರಿಂದ 30ಕ್ಕೆ ಹಾರಿಸೋದು ಅದಕ್ಕಿಂತ ಕೆಟ್ಟದ್ದು. ಎರಡು ಡಿಗ್ರಿ ವ್ಯತ್ಯಾಸದೊಳಗೆ ಇಡಿ.

ಕಡಲತಡಿ
ಒಪ್ಪಿದೆ. ಮಡಕೆ ನೀರಿನ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಒಣ ಗಾಳಿಯ ಕಲಬುರಗಿಯಲ್ಲಿ ಅದು ಚೆನ್ನಾಗಿ ತಣಿಯುತ್ತದೆ. ಇಲ್ಲಿನ ತೇವದಲ್ಲಿ ಒಂದೆರಡು ಡಿಗ್ರಿಯೂ ಇಳಿಯುವುದಿಲ್ಲ.

ಮಲ್ಲೇಶ್ವರಂ35
ತುಂಬಾ ಉಪಯೋಗ ಆಯ್ತು. ಸ್ಟಾಪ್, ಫಿಕ್ಸರ್ ಹಂತಗಳನ್ನೂ ಯಾರಾದರೂ ಹೇಳಿ. ಟ್ಯಾಂಕ್ ಅಲ್ಲಾಡಿಸೋದು ಎಷ್ಟು?

ಹುಬ್ಬಳ್ಳಿ_ಹೈಪೋ
ಇಲ್ಫೋರ್ಡ್ ಕ್ರಮ ಹಿಡೀರಿ: ಮೊದಲ ಹತ್ತು ಸೆಕೆಂಡಿನ್ಯಾಗ ನಾಲ್ಕು ಸಲ ಬೋರಲು ಮಾಡಿ ಎತ್ತೋದು, ಆಮ್ಯಾಲೆ ಪ್ರತಿ ನಿಮಿಷದ ಸುರುವಿಗೆ ನಾಲ್ಕು ಸಲ. ಪ್ರತಿ ಸಲ ಟ್ಯಾಂಕನ್ನ ಮೇಜಿಗೆ ಮೆಲ್ಲಕ ತಟ್ರಿ, ಇಲ್ಲಂದ್ರ ಗಾಳಿಗುಳ್ಳಿ ಕೂತು ನೆಗೆಟಿವ್ ಮ್ಯಾಲೆ ದುಂಡನ ಚುಕ್ಕಿ. ಸೋಡಾ ಬಾಟ್ಲಿ ಅಲ್ಲಾಡಿಸಿದಂಗ ಅಲ್ಲಾಡಿಸಿದ್ರ ಫಿಲ್ಮ್ ಅಂಚಿನ ತೂತಿನ ಸಾಲಿಂದ ಒಳಗ ಪಟ್ಟಿ ಬೀಳ್ತಾವ. ಕೊಡಾಕಿನ ಸಮಯ ತಗೊಂಡ್ರ ಅವರ ಅಲ್ಲಾಡಿಸೋ ಕ್ರಮನೂ ತಗೋರಿ, ಅವರದು 30 ಸೆಕೆಂಡಿಗೊಮ್ಮೆ. ಒಬ್ಬರ ಸಮಯ, ಇನ್ನೊಬ್ಬರ ಕ್ರಮ ಕೂಡಿಸಿದ್ರ ಕಾಂಟ್ರಾಸ್ಟ್ ಹೆಚ್ಚುಕಮ್ಮಿ ಆಗ್ತೈತಿ.

ಸ್ಟಾಪಿಗೆ ಸಿಟ್ರಿಕ್ ಆಸಿಡ್ ಲೀಟರಿಗೆ 15 ಗ್ರಾಂ, ಅರ್ಧ ನಿಮಿಷ. ಕಿರಾಣಿ ಅಂಗಡಿ ನಿಂಬೂಸತ್ತು ಅದೇ.

ಫಿಕ್ಸರ್: ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು 250 ಗ್ರಾಂ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ 25 ಗ್ರಾಂ, ನೀರು ಸೇರಿ ಒಂದು ಲೀಟರ್. ಹೈಪೋ ಕರಗುವಾಗ ನೀರು ತಣ್ಣಗ ಆಗ್ತೈತಿ, ಅದಕ್ಕ ಬಿಸಿನೀರಾಗ ಕರಗಿಸ್ರಿ. ಮೆಟಾಬೈಸಲ್ಫೈಟ್ ಮಾತ್ರ ಪೂರ್ತಿ ತಣ್ಣಗಾದ ಮ್ಯಾಲೆ ಹಾಕ್ರಿ. ಬಿಸಿ ಇದ್ದಾಗ ಹಾಕಿದ್ರ ಗಂಧಕ ಒಡದು ದ್ರಾವಣ ಹಾಲಿನಂಗ ಆಗ್ತೈತಿ. ಇದಕ್ಕ ಹತ್ತು ನಿಮಿಷ ಬೇಕು.

ಬೆಳ್ಳಿಲವಣ
ಹೈಪೋ ಅಗ್ಗ, ಒಪ್ಪಿದೆ. ಆದರೆ ಡೆಲ್ಟಾ, ಟಿ-ಮ್ಯಾಕ್ಸ್ ಹಾಕುವವರು ಅಮೋನಿಯಂ ಥಯೋಸಲ್ಫೇಟಿನ ರ‍್ಯಾಪಿಡ್ ಫಿಕ್ಸರನ್ನೇ ಕೊಳ್ಳಿ. ಆ ಫಿಲ್ಮ್‌ಗಳು ಹೈಪೋದಲ್ಲಿ ಬಹಳ ನಿಧಾನ, ಗುಲಾಬಿ ಬಣ್ಣ ಹೋಗೋದೇ ಇಲ್ಲ. ರ‍್ಯಾಪಿಡ್ ಫಿಕ್ಸರ್ ಆದರೆ 1+4ರಲ್ಲಿ ಐದು ನಿಮಿಷ. ಲೀಟರಿಗೆ 24 ರೋಲ್ ಅಂತ ಇಲ್ಫೋರ್ಡ್ ಹೇಳುತ್ತೆ.

ಎಣಿಕೆ ನಂಬುವ ಬದಲು ತುಣುಕಿನ ಪರೀಕ್ಷೆ ಮಾಡಿ. ರೋಲಿನ ನಾಲಗೆ ಕತ್ತರಿಸಿದ ಚೂರಿನ ಮೇಲೆ ಒಂದು ಹನಿ ಫಿಕ್ಸರ್ ಇಟ್ಟು ಅರ್ಧ ನಿಮಿಷ ಬಿಡಿ. ಆಮೇಲೆ ಇಡೀ ಚೂರನ್ನು ಮುಳುಗಿಸಿ. ಹನಿ ಬಿದ್ದ ಜಾಗಕ್ಕೂ ಸುತ್ತಲಿಗೂ ವ್ಯತ್ಯಾಸ ಕಾಣದಷ್ಟು ತಿಳಿಯಾಗೋಕೆ ಎಷ್ಟು ಹೊತ್ತು ಬೇಕೋ ಅದರ ಎರಡು ಪಟ್ಟು ಫಿಕ್ಸ್ ಮಾಡಿ, ಟಿ-ಮ್ಯಾಕ್ಸ್ ಆದರೆ ಮೂರು ಪಟ್ಟು. ಹೊಸ ಫಿಕ್ಸರ್‌ನಲ್ಲಿ ಹಿಡಿದ ಹೊತ್ತಿನ ಇಮ್ಮಡಿ ಆದಾಗ ಫಿಕ್ಸರ್ ಮುಗೀತು ಅಂತ.

ತೊಳೆಯೋಕೆ ನಲ್ಲಿ ಬಿಟ್ಟು ಕೂರಬೇಡಿ. ಟ್ಯಾಂಕ್ ತುಂಬಿಸಿ ಐದು ಸಲ ಬೋರಲು ಮಾಡಿ ಚೆಲ್ಲಿ, ಮತ್ತೆ ತುಂಬಿಸಿ ಹತ್ತು, ಮತ್ತೆ ಇಪ್ಪತ್ತು. ಬೆಂಗಳೂರಿನ ಬೇಸಿಗೆಗೆ ಇದೇ ಹೊಂದುವ ಲೆಕ್ಕ. ಕೊನೆಯ ಅದ್ದು ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ, ಫೋಟೋ-ಫ್ಲೋ (ನೀರಿನ ಹನಿ ನಿಲ್ಲದಂತೆ ಮಾಡುವ ದ್ರಾವಣ) 1+200. ಜಾಸ್ತಿ ಹಾಕಿದರೆ ಅದೇ ಕಲೆ ಬಿಡುತ್ತೆ. ಬೆರಳಿಂದ, ಸ್ಪಂಜಿಂದ ಒರೆಸಬೇಡಿ. ಗೀರು ಬೀಳೋದು ಬಹುಪಾಲು ಆಗಲೇ.

ಹಳೇಶಟರ್
ಕೆಮಿಕಲ್ ಮಾತು ಮುಗಿಯುವಷ್ಟರಲ್ಲಿ ಕ್ಯಾಮೆರಾ ಪರೀಕ್ಷೆ ಮಾಡಿ ಸರ್. ಕೆ1000ಗೆ ಮೀಟರ್ ಸ್ವಿಚ್ ಇಲ್ಲ. ಲೆನ್ಸಿಗೆ ಬೆಳಕು ಬೀಳುತ್ತಿರುವವರೆಗೂ ಮೀಟರ್ ಓಡುತ್ತೆ, ಕ್ಯಾಪೇ ಸ್ವಿಚ್. ಕ್ಯಾಪ್ ಹಾಕದೆ ಮೇಜಿನ ಮೇಲಿಟ್ಟರೆ ಎಲ್‌ಆರ್44 ಸೆಲ್ ಬೇಗ ಖಾಲಿ. ಎಸ್‌ಆರ್44 ಸ್ವಲ್ಪ ದುಬಾರಿ, ವೋಲ್ಟೇಜ್ ಕೊನೆವರೆಗೂ ಸ್ಥಿರ.

ಹಿಂಬಾಗಿಲ ಸಂದಿಯ ಫೋಮ್ ಮುಟ್ಟಿ ನೋಡಿ. ಅಂಟಂಟಾಗಿ ಟಾರಿನಂತಾಗಿದ್ದರೆ ಬೆಂಕಡ್ಡಿ ತುದಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಿಡಿದು ಕೆರೆದು ಹೊಸದು ಹಾಕಿ. ಕೆರೆಯುವಾಗ ಪುಡಿ ಶಟರ್ ಪರದೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಕನ್ನಡಿ ಬಂದು ತಾಗುವ ಮೇಲಿನ ಫೋಮನ್ನೂ ಮರೆಯಬೇಡಿ.

ಶಟರಿನ ನಿಧಾನದ ವೇಗಗಳನ್ನು ಫೋನಿನ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ಎಣಿಸಬಹುದು. ಹಿಂಬಾಗಿಲು ತೆಗೆದು ಟ್ಯೂಬ್‌ಲೈಟ್ ಬಿಟ್ಟು ಬೇರೆ ಸ್ಥಿರ ಬೆಳಕಿನ ಕಡೆ ಹಿಡಿದು, 1/30 ಇಟ್ಟರೆ ಎಂಟು ಫ್ರೇಮ್ ಬೆಳಕು ಕಾಣಬೇಕು. 1/125 ದಾಟಿದ ಮೇಲೆ ಈ ವಿಧಾನ ನಂಬಬೇಡಿ.

ಇಲ್ಲಿನ ಬಿಸಿಲಿಗೆ 400ರ ಫಿಲ್ಮ್ ಅಂದರೆ 1/500, ಎಫ್/16. ಕೆ1000ನ ಗರಿಷ್ಠ ವೇಗ 1/1000, ಹಾಗಾಗಿ ಮಧ್ಯಾಹ್ನ ಎಫ್/11ಕ್ಕಿಂತ ತೆರೆಯೋಕಾಗಲ್ಲ. ಹಿನ್ನೆಲೆ ಮಸುಕು ಬೇಕಾದರೆ ಐಎಸ್ಒ 125ರ ಎಫ್‌ಪಿ4 ಪ್ಲಸ್ ಫಿಲ್ಮ್ ಹಾಕಿ, ಇಲ್ಲಾ ಹಳದಿ ಫಿಲ್ಟರ್ ಸಿಗಿಸಿ. ಫಿಲ್ಟರ್ ಒಂದು ಸ್ಟಾಪ್ ತಿನ್ನುತ್ತೆ, ಜೊತೆಗೆ ಮೋಡವೂ ಎದ್ದು ಬರುತ್ತೆ. ಮೀಟರ್ ಲೆನ್ಸಿನ ಒಳಗಿಂದಲೇ ನೋಡೋದರಿಂದ ಕೂಡಿಸಿ ಕಳೆಯುವ ಕೆಲಸ ಇಲ್ಲ.

ರೀಲು_ರಂಗಿ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಡೀ ರೋಲ್ ಖಾಲಿ ಬಂದರೆ ತಪ್ಪು ಕ್ಯಾಮೆರಾದ್ದೋ ಡೆವಲಪರ್‌ದೋ ಹೇಗೆ ಗೊತ್ತಾಗುತ್ತೆ?

ಹಳೇಶಟರ್
ಅಂಚು ನೋಡಿ ಮೇಡಂ. ಕಂಪನಿ ಹೆಸರು, ಫ್ರೇಮ್ ನಂಬರ್ ಸ್ಪಷ್ಟವಾಗಿ ಇದ್ದು ಮಧ್ಯೆ ಖಾಲಿ ಇದ್ದರೆ ಡೆವಲಪರ್ ಸರಿ ಇದೆ, ಫಿಲ್ಮ್ ಮೇಲೆ ಬೆಳಕು ಬಿದ್ದಿಲ್ಲ. ಬಹುಪಾಲು ರೋಲ್ ಮುಂದಕ್ಕೆ ಎಳೆದುಕೊಂಡೇ ಇರಲ್ಲ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಬುಟು ತಿರುಗಬೇಕು, ಪ್ರತಿ ರೋಲಿಗೂ ಅದನ್ನು ನೋಡೋದು ಅಭ್ಯಾಸ ಆಗಲಿ. ಅಂಚಿನ ಅಕ್ಷರವೂ ಇಲ್ಲ, ಗಾಜಿನಂತೆ ತಿಳಿ ಅಂದರೆ ಡೆವಲಪರ್ ಸತ್ತಿತ್ತು ಅಥವಾ ಫಿಕ್ಸರ್ ಮೊದಲು ಹೋಗಿದೆ. ಇಡೀ ರೋಲ್ ಅಂಚಿನವರೆಗೂ ಕಪ್ಪಾದರೆ ಬೆಳಕು ಹೊಕ್ಕಿದೆ.

ಬೆಳ್ಳಿಲವಣ
ಸೇರಿಸಿದ್ದು: ಹಾಲಿನಂತೆ ಮಸುಕಾಗಿ ಬಂದರೆ ಫಿಕ್ಸ್ ಸಾಲದು. ಬೆಳಕಿಗೆ ತೆಗೆದಾದ ಮೇಲೂ ಹೊಸ ಫಿಕ್ಸರ್‌ಗೆ ಹಾಕಿದರೆ ಸರಿಹೋಗುತ್ತೆ. ಉಗುರು ಆಕಾರದ ಗುರುತು ಬಂದರೆ ರೀಲಿಗೆ ಏರಿಸುವಾಗ ಫಿಲ್ಮ್ ಮಡಿಚಿದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ರೀಲು ತೇವ ಹಿಡಿದು ಅರ್ಧಕ್ಕೇ ಕಚ್ಚಿಕೊಳ್ಳುತ್ತೆ. ಏರಿಸುವ ಮುಂಚೆ ಹೇರ್ ಡ್ರೈಯರ್ ಗಾಳಿ ಎರಡು ನಿಮಿಷ, ಫಿಲ್ಮ್‌ನ ಎರಡು ಮೂಲೆ ದುಂಡಗೆ ಕತ್ತರಿಸಿ. ಚೇಂಜಿಂಗ್ ಬ್ಯಾಗಿನಲ್ಲಿ (ಕೈ ತೂರಿಸಿ ಫಿಲ್ಮ್ ಏರಿಸುವ, ಬೆಳಕು ಹೊಗದ ಚೀಲ) ಕೈ ಬೆವರಿ ಒಳಗೇ ತೇವ ಏರುತ್ತೆ, ಕಚ್ಚಿಕೊಂಡರೆ ಜಗ್ಗಬೇಡಿ. ಫಿಲ್ಮನ್ನು ಟ್ಯಾಂಕಿಗೆ ಹಾಕಿ ಮುಚ್ಚಿ, ಕೈ ಹೊರತೆಗೆದು ಒಣಗಿಸಿಕೊಳ್ಳಿ.

ಪಿಕ್ಸೆಲ್‌ಪ್ರಿಯ
ಸ್ಕ್ಯಾನ್ ಬಗ್ಗೆ ನಾನು ಹೇಳಬಹುದು, ಅಲ್ಲಿ ಡಿಜಿಟಲ್ಲೇ ಬೇಕಲ್ಲ! ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲೆ 6400 ಡಿಪಿಐ ಅಂತ ಬರೆದಿದ್ದರೂ 35 ಎಂಎಂಗೆ ನಿಜವಾಗಿ ಸಿಗೋದು ಅದರ ಕಾಲು ಭಾಗ. ನಿಮ್ಮ ಡಿಜಿಟಲ್ ಕ್ಯಾಮೆರಾಗೆ 1:1 ಮ್ಯಾಕ್ರೋ ಲೆನ್ಸ್ ಹಾಕಿ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಅಂದರೆ 36 ಎಂಎಂಗೆ 6000 ಪಿಕ್ಸೆಲ್, ಅಂದರೆ 4200 ಡಿಪಿಐಗಿಂತ ಸ್ವಲ್ಪ ಹೆಚ್ಚೇ. ಎಫ್/8, ಐಎಸ್ಒ 100, ರಾ ಫೈಲ್, ಎರಡು ಸೆಕೆಂಡ್ ಟೈಮರ್. ಎಮಲ್ಷನ್ (ಚಿತ್ರ ಮೂಡಿದ ಪದರ) ಬದಿ ಲೆನ್ಸಿನ ಕಡೆ ಇಟ್ಟು ಆಮೇಲೆ ಚಿತ್ರ ತಿರುಗಿಸಿ. ಸಮತಲ ನೋಡೋಕೆ ನೆಗೆಟಿವ್ ಜಾಗದಲ್ಲಿ ಸಣ್ಣ ಕನ್ನಡಿ ಇಡಿ, ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಾಣಬೇಕು. ಕೋಣೆ ದೀಪ ಆರಿಸಿ, ಮೇಲಿಂದ ಬೀಳುವ ಬೆಳಕು ಕಾಂಟ್ರಾಸ್ಟ್ ತಿನ್ನುತ್ತೆ.

ಶಿರಸಿಮಳೆ
ಇಷ್ಟೆಲ್ಲ ಆದಮೇಲೆ ನೆಗೆಟಿವನ್ನು ಪಿವಿಸಿ ಕವರಿಗೆ ತುರುಕಬೇಡಿ. ಪಾಲಿಪ್ರೊಪಿಲೀನ್ ತೋಳುಗಳು ಸಾಕು. ಬಟರ್ ಪೇಪರ್ ಜಾತಿಯವು ನಮ್ಮ ಮಳೆಗಾಲದಲ್ಲಿ ಎಮಲ್ಷನ್‌ಗೆ ಅಂಟಿಕೊಳ್ಳುತ್ತವೆ.

ಲೆನ್ಸ್, ನೆಗೆಟಿವ್ ಎರಡಕ್ಕೂ ಗಾಳಿಯಾಡದ ಡಬ್ಬಿ, ಒಳಗೆ ಅಗ್ಗದ ತೇವಮಾಪಕ, ಸಿಲಿಕಾ ಜೆಲ್. ಶೇ 40ರಿಂದ 50ರ ನಡುವೆ ಇರಲಿ. 70 ದಾಟಿ ವಾರಗಟ್ಟಲೆ ನಿಂತರೆ ಲೆನ್ಸಿನೊಳಗೆ ಬೂಸ್ಟು ಎಳೆ ಬಿಡುತ್ತದೆ, ಅದು ಕೋಟಿಂಗನ್ನೇ ಕೊರೆಯುತ್ತದೆ. ಕಿತ್ತಳೆ ಜೆಲ್ ಹಸಿರಾದಾಗ, ನೀಲಿಯದು ಗುಲಾಬಿಯಾದಾಗ 120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ತಾಸು ಒಣಗಿಸಿದರೆ ಮತ್ತೆ ಹೊಸದು. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಓವನ್ನಿಗೆ ಅದನ್ನು ಹಾಕಬೇಡಿ.

ತೆಗೆಯದ ಫಿಲ್ಮ್ ಫ್ರಿಜ್ಜಿನಲ್ಲಿರಲಿ. ಹೊರತೆಗೆದ ಮೇಲೆ ಒಂದೂವರೆ ತಾಸು ಡಬ್ಬಿ ತೆರೆಯಬೇಡಿ, ತೆರೆದರೆ ಫಿಲ್ಮ್ ಮೇಲೆಯೇ ನೀರು ಕೂರುತ್ತದೆ.

ಡಬ್ಲಿನ್_ದಾವಣಗೆರೆ
ವಿಮಾನದಲ್ಲಿ ತರುವವರಿಗೆ: ರೋಲ್ ಚೆಕ್-ಇನ್ ಬ್ಯಾಗಿನಲ್ಲಿ ಯಾವತ್ತೂ ಬೇಡ. ಕೈಬ್ಯಾಗಿಗೂ ಈಗ ಕೆಲವು ಕಡೆ ಸಿಟಿ ಸ್ಕ್ಯಾನರ್ ಬಂದಿದೆ. ಹಳೇ ಎಕ್ಸ್‌ರೇ ಮೆಷಿನ್ನಲ್ಲಿ 400ರ ಫಿಲ್ಮ್ ಒಂದೆರಡು ಸಲ ಹೋದರೆ ಏನಾಗಲ್ಲ, ಸಿಟಿಯಲ್ಲಿ ಒಂದೇ ಸಲಕ್ಕೆ ಮಂಜು ಹಿಡಿಯಬಹುದು. ಪಾರದರ್ಶಕ ಜಿಪ್ ಕವರಿನಲ್ಲಿ ಹಾಕಿ ಕೈಯಲ್ಲಿ ಪರೀಕ್ಷಿಸಿ ಅಂತ ವಿನಯವಾಗಿ ಕೇಳಿ. ಸೀಸದ ಚೀಲದಲ್ಲಿ ಹಾಕಿದರೆ ಒಳಗೇನಿದೆ ಅಂತ ಮತ್ತೆ ಮತ್ತೆ ಓಡಿಸ್ತಾರೆ.

ಮಲ್ಲೇಶ್ವರಂ35
ಎಲ್ಲರಿಗೂ ಧನ್ಯವಾದ. ಎಚ್‌ಪಿ5 ಪ್ಲಸ್, ಡಿ-76 1+1, 24 ಡಿಗ್ರಿ ಅಂತ ಇಟ್ಕೊಂಡೆ. ಕೊನೇದು: ಮುಗಿದ ಫಿಕ್ಸರನ್ನು ಎಲ್ಲಿ ಚೆಲ್ಲೋದು?

ಹುಬ್ಬಳ್ಳಿ_ಹೈಪೋ
ಮೊದಲ ಒಂದು ಮಾತು. 13 ನಿಮಿಷ ಐಡಿ-11ರದು. ಡಿ-76ಕ್ಕ ಇಲ್ಫೋರ್ಡ್ 1+1ರಾಗ 11 ಅಂತ ಕೊಡ್ತೈತಿ. ಸೂತ್ರ ಹೆಚ್ಚುಕಡಿಮಿ ಒಂದ, ಆದ್ರೂ ಮೊದಲ ರೋಲಿಗೆ 24 ಡಿಗ್ರಿಯಾಗ ಎಂಟು ನಿಮಿಷದಿಂದ ಸುರು ಮಾಡ್ರಿ. ನೆಗೆಟಿವ್ ತೆಳು ಅನಿಸಿದ್ರ ಮುಂದಿನ ರೋಲಿಗೆ ಒಂಬತ್ತು.

ಫಿಕ್ಸರಿನ್ಯಾಗ ಬೆಳ್ಳಿ ಇರ್ತೈತಿ. ಗಿಡಕ್ಕ, ಬಾವಿ ಹತ್ರ, ಸೆಪ್ಟಿಕ್ ಟ್ಯಾಂಕಿಗೆ ಚೆಲ್ಲಬ್ಯಾಡ್ರಿ, ಅಲ್ಲಿನ ಬ್ಯಾಕ್ಟೀರಿಯಾ ಸಾಯ್ತಾವ. ಐದು ಲೀಟರ್ ಕ್ಯಾನ್ಯಾಗ ಕೂಡಿಡ್ರಿ. ಎಕ್ಸ್‌ರೇ ಹೈಪೋದಿಂದ ಬೆಳ್ಳಿ ತೆಗೆಯೋರು ಹತ್ರ ಇದ್ರ ಅವ್ರಿಗೆ ಕೊಡ್ರಿ. ಯಾರೂ ಸಿಗಲಿಲ್ಲಂದ್ರ ಕ್ಯಾನಿನೊಳಗ ಸ್ಟೀಲ್ ಉಣ್ಣಿ ಹಾಕಿ ಕೆಲವು ದಿನ ಬಿಡ್ರಿ. ಕಬ್ಬಿಣ ಕರಗಿ ಬೆಳ್ಳಿ ಕರೀ ಕೆಸರಾಗಿ ತಳಕ್ಕ ಕೂಡ್ತೈತಿ. ಅಡಿಗಿ ಮನಿ ಸ್ಟೇನ್‌ಲೆಸ್ ಸ್ಕ್ರಬ್ಬರ್ ನಡಿಯಂಗಿಲ್ಲ, ಬಡಗ್ಯಾರು ಪಾಲಿಶ್ ಮಾಡೋ ಸಾದಾ ಉಣ್ಣಿನ ಬೇಕು. ಕ್ಯಾನಿನ ಮುಚ್ಚಳ ಬಿಗಿಯಾಗಿ ಹಾಕಬ್ಯಾಡ್ರಿ, ಗ್ಯಾಸ್ ಬರ್ತೈತಿ.